ವಿಶ್ರಾಂತಿ ಎಂದು ಬರೆದ ಏಳು ದಿನ

ಕಲೂರು

ಕೇರಳದಲ್ಲಿ ಹತ್ತು ದಿನ ಇದ್ದು ಬಂದೆ ಎಂದ ಕೂಡಲೇ ತುಮಕೂರಿನ ನಮ್ಮ ಬೀದಿಯವರು ಕೇಳುವುದು ಎರಡೇ: ದೋಣಿಮನೆಯಲ್ಲಿ ಕೂತಿರಾ, ಸಮುದ್ರದಲ್ಲಿ ಕಾಲಿಟ್ಟಿರಾ. ದೋಣಿಮನೆಯನ್ನು ನಾನು ರೈಲಿನ ಕಿಟಕಿಯಿಂದಲೂ ನೋಡಲಿಲ್ಲ. ಸಮುದ್ರವನ್ನು ಒಂದು ಸಲ ದೂರದಿಂದ ನೋಡಿದೆ. ನಾನು ಚೆನ್ನಾಗಿ ನೋಡಿದ್ದು ಒಂದು ತೂತನ್ನು. ಕೊಚ್ಚಿಯ ಕಲೂರಿನಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ. ಅಲ್ಲಿಯ ಎತ್ತರದ ಮಂಚದ ತಲೆಯ ಕಡೆ, ಬೋರಲು ಮಲಗಿದವರು ಮುಖ ಇಡಲೆಂದು, ಸಣ್ಣ ತಟ್ಟೆಯಷ್ಟು ಅಗಲದ ತೂತು ಬಿಟ್ಟಿದ್ದಾರೆ. ಅದರೊಳಗಿಂದ ನೆಲ ಕಾಣುತ್ತದೆ, ಬಂದು ಹೋಗುವವರ ಪಾದ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಮುಖ ಎತ್ತಿ ಹೇಳಲಾಗದ ವಿಷಯವನ್ನೇ ಬರೆಯಲು ಕೂತಿರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಕುತ್ತಿಗೆ ನೋವಿಗೆ ಮೂರು ವರ್ಷ. ಹರಳೆಣ್ಣೆ ಹಚ್ಚಿದ್ದಾಯಿತು, ಬಿಸಿನೀರಿನ ಚೀಲ ಇಟ್ಟಿದ್ದಾಯಿತು, ಪಟ್ಟಿ ಕಟ್ಟಿಕೊಂಡು ಬೀದಿಯವರಿಂದೆಲ್ಲ ಅಯ್ಯೋ ಅನಿಸಿಕೊಂಡಿದ್ದೂ ಆಯಿತು. ನನ್ನ ತಂಗಿ ವೀಣಾ ತಿರುವನಂತಪುರದಲ್ಲಿ ಶಾಲೆಯ ಮೇಡಂ. ಅವಳ ಯಜಮಾನರು ಅಲ್ಲಿಯ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಅವರ ಮಗಳು ಅದಿತಿ ಕಳಮಶ್ಶೇರಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಪರೀಕ್ಷೆಯ ಹೊತ್ತಿಗೆ ಅದಿತಿಯ ಕುತ್ತಿಗೆ ಹಿಡಿದುಕೊಂಡಾಗ ಈ ಕ್ಲಿನಿಕ್ಕಿನಲ್ಲಿ ‘ಡ್ರೈ ನೀಡ್ಲಿಂಗ್’ ಮಾಡಿ ಸರಿ ಮಾಡಿದ್ದರಂತೆ. ಬರೀ ಸೂಜಿ, ಅದರಲ್ಲಿ ಔಷಧಿ ಇರುವುದಿಲ್ಲ. ಬಿಗಿದು ಗಂಟಾದ ಮಾಂಸಕ್ಕೆ ಚುಚ್ಚಿದರೆ ಅದು ತಾನೇ ಸಡಿಲವಾಗುತ್ತದೆ ಅಂತೆ.

“ಬಂದು ಸೂಜಿ ಹಾಕಿಸ್ಕೊ ಅಕ್ಕ. ಆಮೇಲೆ ನಮ್ಮನೇಲಿ ಒಂದು ವಾರ ಸುಮ್ನೆ ಕೂತ್ಕೊ. ಕೆಲ್ಸ ಗಿಲ್ಸ ಹೊತ್ಕೊಂಡು ಬರ್ಬೇಡ” ಎಂದಳು ವೀಣಾ ಫೋನಿನಲ್ಲಿ.

“ಇಲ್ಲ ಕಣೆ” ಎಂದೆ. ಹಾಗೆನ್ನುವಾಗ ಐದು ರೇಷ್ಮೆ ಸೀರೆಗಳು ನನ್ನ ಬ್ಯಾಗಿನ ತಳದಲ್ಲಿ, ಚಟ್ನಿಪುಡಿ ಡಬ್ಬಿಗಳ ಕೆಳಗೆ, ಆಗಲೇ ಮಲಗಿದ್ದವು.

ನಾನು ಸೀರೆಯ ಸೆರಗಿಗೆ ಕುಚ್ಚು ಹಾಕುವವಳು. ಮೂವತ್ತು ವರ್ಷವಾಯಿತು. ಈಗಿನ ಹುಡುಗಿಯರು ಸೆರಗನ್ನು ಮೇಜಿಗೆ ಕ್ಲಿಪ್ಪು ಹಾಕಿ, ಕುರ್ಚಿಯಲ್ಲಿ ಕೂತು ಕಟ್ಟುತ್ತಾರೆ. ನಾನು ನನ್ನ ಅತ್ತೆ ಕಲಿಸಿದ ಹಾಗೆ ನೆಲದಲ್ಲಿ ಕೂತು, ಸೆರಗನ್ನು ಮಂಡಿಯ ಮೇಲೆ ಪಿನ್ನು ಹಾಕಿ, ರೇಷ್ಮೆ ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಬಿಗಿಯಾಗಿ ಎಳೆದು ಕಟ್ಟುತ್ತೇನೆ. ನನ್ನ ಗಂಟು ಬಿಚ್ಚುವುದಿಲ್ಲ ಎಂದು ಹೆಸರಿದೆ. ಯಾವ ಸೀರೆಗೆ ಯಾವ ಬಣ್ಣ, ಯಾವ ಮಣಿ, ಎಷ್ಟು ಎಳೆ ಎಂದು ಬರೆದಿಟ್ಟ ಪುಸ್ತಕಗಳೇ ಹನ್ನೊಂದು ಇವೆ. ಒಂದು ಸಾಲು ತಪ್ಪು ಬರೆದವಳಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಮುಂದಿನದು ಗೊತ್ತಾಗಲಿ ಎಂದು ಹೇಳುತ್ತಿದ್ದೇನೆ.

ಕ್ಲಿನಿಕ್ಕಿನ ಬಾಗಿಲಲ್ಲಿ ದೇವಸ್ಥಾನದ ಹಾಗೆ ಚಪ್ಪಲಿಗಳ ಸಾಲು. ಪಕ್ಕದಲ್ಲಿ ಒಂದು ಬಕೆಟ್, ಅದರ ತುಂಬ ಛತ್ರಿ. ಒಳಗೆ ಕಾಯುತ್ತಿದ್ದ ಹೆಂಗಸರ ಸೆರಗುಗಳ ಮೇಲೆಯೇ ನನ್ನ ಕಣ್ಣು. ಕೆನೆಬಣ್ಣದ ಒಳ್ಳೊಳ್ಳೆ ಸೀರೆಗಳು, ಚಿನ್ನದ ಅಂಚು, ಒಂದಕ್ಕೂ ಕುಚ್ಚಿಲ್ಲ. ಅಂಚು ಮುಗಿದಲ್ಲಿ ಸೀರೆಯೂ ಮುಗಿಯುತ್ತದೆ. ಮದುವೆ ಮನೆಗೆ ತಲೆ ಬಾಚಿಕೊಳ್ಳದೆ ಬಂದವರ ಹಾಗೆ ಕಂಡರು ನನಗೆ.

ನನ್ನನ್ನು ನೋಡಿಕೊಂಡ ಹುಡುಗಿಯ ಹೆಸರು ಜಿಶಾ. ವಯನಾಡಿನವಳು, ಇಪ್ಪತ್ತಾರು ಇರಬಹುದು. ಕುಂಕುಮದ ಬದಲು ಸಣ್ಣ ಗಂಧದ ಗೀಟು, ಕಾಲಿಗೆ ಒಳಗೆ ಹಾಕಿಕೊಳ್ಳುವ ನೀಲಿ ರಬ್ಬರ್ ಚಪ್ಪಲಿ. ಅವಳು ಮಲಯಾಳದಲ್ಲಿ ಕೇಳುವಳು, ಅದಿತಿ ನನಗೆ ಹೇಳುವಳು. ರಕ್ತ ತೆಳ್ಳಗಾಗುವ ಮಾತ್ರೆ ತಗೋತೀರಾ? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಸೂಜಿ ಕಂಡರೆ ಭಯ? ನಗು ಬಂತು.

“ಏನು ಕೆಲ್ಸ ಮಾಡ್ತೀರಿ ಅಂತ ಕೇಳ್ತಿದಾಳೆ ದೊಡ್ಡಮ್ಮ.”

“ಮನೇಲೇ ಇರೋದು ಅನ್ನು.”

“ಕುಚ್ಚು?”

“ಅದೆಲ್ಲ ಬಿಟ್ಟು ಬಹಳ ದಿನ ಆಯ್ತು.”

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಲಸ ನಿಲ್ಲಿಸಿ ಅನ್ನುತ್ತಾರೆಂಬ ಭಯ ಒಂದು. ಕುಚ್ಚೇ ಇಲ್ಲದ ಊರಿನಲ್ಲಿ ಕುಚ್ಚು ಕಟ್ಟುವವಳು ಅಂದರೆ ಏನು ತಿಳಿದಾರು ಎಂಬ ಸಂಕೋಚ ಇನ್ನೊಂದು. ಪರದೆಯ ಆಚೆ ಬ್ಯಾಂಕಿನ ಮೇಡಂ ಒಬ್ಬರು ಇಂಗ್ಲಿಷಿನಲ್ಲಿ ತಮ್ಮ ಕಂಪ್ಯೂಟರಿನ ಎತ್ತರ ವಿವರಿಸುತ್ತಿದ್ದರು, ಅದೂ ಕಿವಿಗೆ ಬೀಳುತ್ತಿತ್ತು.

ಬೋರಲು ಮಲಗಿದೆ. ತಾಳಿ ಸರ ತೂತಿನಿಂದ ಕೆಳಗೆ ಜೋತುಬಿತ್ತು, ಅದಿತಿ ಮಂಚದ ಅಡಿಗೆ ನುಗ್ಗಿ ಅದನ್ನು ಹಿಡಿದು ಹಿಂದಕ್ಕೆ ತಳ್ಳಿದಳು. ಜಿಶಾ ಕುತ್ತಿಗೆ ಭುಜ ಸೇರುವ ಕಡೆ ಬೆರಳಾಡಿಸಿ ಒಂದು ಗಂಟು ಹಿಡಿದಳು. ಹೆಬ್ಬೆರಳು ತೋರುಬೆರಳಿನ ನಡುವೆ ಮಾಂಸವನ್ನು ಎತ್ತಿ ಹಿಡಿದು, ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟು, ಮೇಲಿಂದ ಟಕ್ ಎಂದು ತಟ್ಟಿದಳು. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆಮೇಲೆ ಸೂಜಿಯನ್ನು ಒಳಗೆ ಮೆಲ್ಲಗೆ ಆಡಿಸಿದಾಗ ಮಾಂಸ ತಾನಾಗಿ ಫಕ್ಕನೆ ಹಾರಿತು, ನೀರಿನಿಂದ ತೆಗೆದ ಮೀನು ಕೊಸರಿದ ಹಾಗೆ. ತಲೆಯವರೆಗೂ ಒಂದು ಮಂದ ನೋವು ಹರಿದು ನಿಂತಿತು.

“ವೇದನ ಉಂಡೋ ಚೇಚಿ?” ಎಂದಳು. ನೋವಾಯಿತೇ ಅಕ್ಕ ಎಂದು.

ಮೂವತ್ತು ವರ್ಷ ಸೂಜಿ ಹಿಡಿದವಳು ನಾನು. ಆ ಹುಡುಗಿಯ ಕೈ ಒಳ್ಳೆಯ ಕೈ ಎಂದು ತೂತಿನೊಳಗೆ ಮುಖವಿಟ್ಟುಕೊಂಡೇ ತಿಳಿಯಿತು. ಅವಸರವಿಲ್ಲ, ಅನುಮಾನವಿಲ್ಲ, ಒಂದು ಕಡೆ ಚುಚ್ಚುವಾಗ ಇನ್ನೊಂದು ಕೈ ಎಲ್ಲಿರಬೇಕೋ ಅಲ್ಲೇ ಇರುತ್ತಿತ್ತು.

ಮುಗಿದ ಮೇಲೆ ಅವಳು ಮಂಚದ ಇನ್ನೊಂದು ತುದಿಗೆ ಹೋಗಿ ನನ್ನ ಬಲಗಾಲಿನ ಹೆಬ್ಬೆರಳನ್ನು ಮುಟ್ಟಿ ಏನೋ ಕೇಳಿದಳು. ಅಲ್ಲಿ ದಾರ ಸುತ್ತಿ ಸುತ್ತಿ ಉಂಗುರದಂಥ ತಗ್ಗು ಬಿದ್ದಿದೆ.

“ಕಾಲುಂಗುರದ ಗುರುತು ಅನ್ನು” ಎಂದೆ ಅದಿತಿಗೆ.

ಕಾಲುಂಗುರ ಹಾಕುವುದು ಎರಡನೆಯ ಬೆರಳಿಗೆ. ಜಿಶಾ ಬೆರಳನ್ನು ಬಿಟ್ಟು “ಶರಿ” ಎಂದಳು.

ಕಳಮಶ್ಶೇರಿ

ಆ ದಿನ ಅದಿತಿಯ ಬಾಡಿಗೆ ಮನೆಯಲ್ಲಿ ಉಳಿದೆ. ಅವಳ ಜೊತೆ ಇನ್ನಿಬ್ಬರು ಹುಡುಗಿಯರಿದ್ದರು. ಊಟಕ್ಕೆ ಕೂತಾಗ ಸ್ಟೀಲ್ ಲೋಟದಲ್ಲಿ ನಸುಗೆಂಪು ನೀರು ತಂದಿಟ್ಟರು. ಲೋಟ ತೊಳೆದಿಲ್ಲವೆಂದುಕೊಂಡು, ಹುಡುಗಿಯರಿಗೆ ಬೇಜಾರಾಗಬಾರದೆಂದು ಸದ್ದಿಲ್ಲದೆ ಎದ್ದು ಸಿಂಕಿಗೆ ಚೆಲ್ಲಿ ತೊಳೆದಿಟ್ಟೆ. ಮತ್ತೆ ತುಂಬಿದರು, ಮತ್ತೆ ಕೆಂಪು. ಮೂರನೆಯ ಸಲ ಅದಿತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ದೊಡ್ಡಮ್ಮ, ಅದು ಒಂದು ಮರದ ಕೆಂಪು ಚಕ್ಕೆ ಹಾಕಿ ಕಾಯ್ಸಿದ ನೀರು. ಇಲ್ಲಿ ಎಲ್ಲಾರೂ ಇದೇ ಕುಡಿಯೋದು. ಕುಡಿ, ಎಂದಾ ಪೇಡಿ?” ಏನು ಭಯ ಎಂದು. ಅವಳ ಮಾತು ಹೀಗೆಯೇ, ಕನ್ನಡದಲ್ಲಿ ಹೊರಟು ಮಲಯಾಳಕ್ಕೆ ಹೋಗಿ ಸೇರುತ್ತದೆ.

ಕುತ್ತಿಗೆ ಹಗುರಾಗಿತ್ತು. ಮುಟ್ಟಿದರೆ ಹುಣ್ಣಿನ ಹಾಗೆ ನೋಯುತ್ತಿತ್ತು, ಆದರೆ ಮೇಲೆ ಮೆಟ್ರೊ ಹೋದಾಗ ತಿರುಗಿ ನೋಡಿದೆ. ಮೈಯೆಲ್ಲ ತಿರುಗಿಸದೆ, ಬರೀ ಕತ್ತು ತಿರುಗಿಸಿ ನೋಡಿದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಜಿಶಾ ಹೇಳಿ ಕಳಿಸಿದ್ದು ಇಷ್ಟು. ಒಂದೆರಡು ದಿನ ಮೈಕೈ ನೋವಿನಂತೆ ಇರುತ್ತದೆ, ಹೆದರಬೇಡಿ. ಬಿಸಿ ಶಾಖ ಕೊಡಿ. ಕತ್ತನ್ನು ಮೆಲ್ಲಗೆ ಆಡಿಸಿ. ಈ ಒಂದು ವಾರ ತಲೆ ಬಗ್ಗಿಸಿಕೊಂಡು ಹೆಚ್ಚು ಹೊತ್ತು ಕೂರಲೇಬೇಡಿ. ಏಳು ದಿನ ಬಿಟ್ಟು ಮತ್ತೆ ಬನ್ನಿ. ಅಲ್ಲಿಯವರೆಗೆ ದಿನಾ ಬರೆಯಿರಿ ಎಂದು ಒಂದು ತೆಳು ಪುಸ್ತಕ ಕೊಟ್ಟಿದ್ದಳು. ಮೂರು ಮನೆ: ಬೆಳಿಗ್ಗೆ ನೋವು ಹತ್ತರಲ್ಲಿ ಎಷ್ಟು, ಸಂಜೆ ಎಷ್ಟು, ದಿನವೆಲ್ಲ ಏನು ಮಾಡಿದಿರಿ. ನಾನು ಕನ್ನಡದಲ್ಲಿ ಬರೆದು ಫೋಟೊ ತೆಗೆದು ಅದಿತಿಗೆ ಕಳಿಸುವುದು, ಅವಳು ಇಂಗ್ಲಿಷಿನಲ್ಲಿ ಜಿಶಾಗೆ ಕಳಿಸುವುದು.

“ಸರಿಯಾಗಿ ಬರಿ ದೊಡ್ಡಮ್ಮ. ಪಾಪ, ಅವಳ್ದಿನ್ನೂ ಟ್ರಯಲ್ ಪೀರಿಯಡ್ಡು. ಈ ತಿಂಗಳ ಕೊನೇಲಿ ಪರ್ಮನೆಂಟ್ ಮಾಡ್ಬೇಕು. ಅಲ್ಲಿರೋ ದೊಡ್ಡ ಸಾರ್ ಅವಳ ಪೇಷಂಟ್ಸ್ ಬುಕ್ಕೆಲ್ಲ ತಾವೇ ನೋಡ್ತಾರೆ.”

“ಬರೆಯೋದನ್ನ ನಂಗೆ ಹೇಳ್ಕೊಡ್ತೀಯ ನೀನು?” ಎಂದು ರೇಗಿಸಿದೆ.

ತಿರುವನಂತಪುರ

ಕೊಚ್ಚಿ ಓಡುವ ಊರು. ತಿರುವನಂತಪುರ ಮಧ್ಯಾಹ್ನದ ಊಟ ಮಾಡಿ ಎದ್ದವರ ಹಾಗೆ ನಿಧಾನ. ಬೆಳಗಾದರೆ ಹೆಂಗಸರು ಒದ್ದೆ ಕೂದಲನ್ನು ತುದಿಯಲ್ಲಿ ಸಣ್ಣ ಗಂಟು ಹಾಕಿ ಬೆನ್ನ ಮೇಲೆ ಬಿಟ್ಟುಕೊಂಡು ಆಫೀಸಿಗೆ ಹೊರಡುತ್ತಾರೆ. ನಮ್ಮಲ್ಲಿ ಹಾಗೆ ಹೊರಟರೆ ಸೂತಕವೇನೋ ಎಂದು ಕೇಳುತ್ತಾರೆ. ಗಂಡಸರು ದಾರಿಯಲ್ಲಿ ಯಾರಾದರೂ ಹಿರಿಯರು ಕಂಡರೆ ಮೇಲಕ್ಕೆತ್ತಿ ಕಟ್ಟಿದ ಪಂಚೆಯನ್ನು ಇಳಿಬಿಡುತ್ತಾರೆ. ವೀಣಾಳ ಕ್ವಾರ್ಟರ್ಸಿನಲ್ಲಿ ಎದುರು ಮನೆಯ ಯಜಮಾನರು ನನ್ನನ್ನು ಕಂಡು ಹಾಗೆ ಮಾಡಿದಾಗ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದೆ.

ವೀಣಾ ಅವರಿಗೆಲ್ಲ ನನ್ನನ್ನು “ಅಕ್ಕ, ಹೌಸ್‌ವೈಫ್” ಎಂದು ಪರಿಚಯ ಮಾಡಿಸಿದಳು. ಇದಕ್ಕೆ ಅವಳ ಮೇಲೆ ತಪ್ಪು ಹೊರಿಸಬಹುದಿತ್ತು. ಆದರೆ ಅವಳಿಗಿಂತ ಮೊದಲು ಕಲೂರಿನಲ್ಲಿ ಹಾಗೆಂದವಳು ನಾನೇ.

ಏಳೂವರೆಗೆ ಗಂಡ ಹೆಂಡತಿ ಇಬ್ಬರೂ ಹೊರಡುವರು. ನಾಲ್ಕು ಗಂಟೆಗೆ ವೀಣಾ ಬರುವವರೆಗೆ ಮನೆ ನನ್ನದು. ಮೊದಲ ದಿನ ನಿಜವಾಗಿಯೂ ಸುಮ್ಮನೆ ಕೂತೆ. ಅಂದರೆ ಹತ್ತು ಗಂಟೆಯವರೆಗೆ. ಪೇಪರು ಮಲಯಾಳದ್ದು, ಟಿವಿ ಮಲಯಾಳದ್ದು, ಪಾತ್ರೆ ತೊಳೆಯಲು ಕೆಲಸದವರಿದ್ದರು. ಬರಿಗೈಯನ್ನು ಎಲ್ಲಿಡುವುದೆಂದೇ ತಿಳಿಯದು. ಆ ಐದು ಸೀರೆಗಳು ನಮ್ಮ ಬೀದಿಯ ರತ್ನಮ್ಮನವರ ಮಗಳ ಮದುವೆಯವು. ಬೇರೆಯವರ ಹತ್ತಿರ ಹಾಕಿಸಿ ಎಂದು ನಾನೇ ಹೇಳಿದ್ದೆ. “ನಿಮ್ಮ ಕೈಯೇ ಆಗ್ಬೇಕು ಕಣ್ರೀ, ಇನ್ಯಾರ್ದೂ ನಂಗೆ ಹಿಡ್ಸಲ್ಲ” ಎಂದರು. ಆ ಒಂದು ಮಾತಿಗೆ ಉಬ್ಬಿ ಒಪ್ಪಿಕೊಂಡೆ.

ಹಿಂದಿನ ವರಾಂಡದಲ್ಲಿ, ಒಗೆಯುವ ಮಿಷಿನ್ನಿನ ಪಕ್ಕ, ನೆಲದ ಮೇಲೆ ಕೂತೆ. ಗಿಳಿಹಸಿರು ಸೀರೆ ಬಿಚ್ಚಿ ಮಂಡಿಗೆ ಪಿನ್ನು ಹಾಕಿ, ಹೆಬ್ಬೆರಳಿಗೆ ದಾರ ಸುತ್ತಿದೆ. ಒಂದು ನಾಲ್ಕು ಕುಚ್ಚು, ಅಷ್ಟೇ ಎಂದುಕೊಂಡೆ. ತಲೆ ಎತ್ತಿದಾಗ ಎರಡೂವರೆ.

ಆ ಸಂಜೆ ಪುಸ್ತಕ ತೆರೆದು ಮೊದಲ ಮನೆಯಲ್ಲಿ ‘ಬೆಳಿಗ್ಗೆ 4’, ಎರಡನೆಯದರಲ್ಲಿ ‘ಸಂಜೆ 6’ ಎಂದು ಬರೆದೆ. ನೋವಿನ ಲೆಕ್ಕ ನಿಜವಾದದ್ದೇ. ಮೂರನೆಯ ಮನೆಯಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ‘ವಿಶ್ರಾಂತಿ’ ಎಂದು ದುಂಡಗೆ ಬರೆದೆ.

ಎರಡನೆಯ ದಿನವೂ ವಿಶ್ರಾಂತಿ. ಮೂರನೆಯ ದಿನ ವಿಶ್ರಾಂತಿಯ ಜೊತೆಗೆ ‘ಬಿಸಿ ಶಾಖ ಕೊಟ್ಟೆ’ ಎಂದು ಸೇರಿಸಿದೆ. ಅದು ನಿಜ. ಶಾಖ ಕೊಟ್ಟುಕೊಂಡೇ ಕಟ್ಟುತ್ತಿದ್ದೆ. ದಿನಕ್ಕೆ ನಾಲ್ಕು ಗಂಟೆ, ಒಂದೊಂದು ದಿನ ಐದು. ಮೂರೂಮುಕ್ಕಾಲಿಗೆ ಎದ್ದು ನೆಲದ ಮೇಲಿನ ದಾರದ ತುಣುಕುಗಳನ್ನು ಒಂದೊಂದಾಗಿ ಆರಿಸಿ ಪರ್ಸಿನೊಳಗೆ ಹಾಕಿಕೊಳ್ಳುವೆ. ವೀಣಾ ಬರುವ ಹೊತ್ತಿಗೆ ಸೋಫಾದ ಮೇಲೆ ದಿಂಬಿಗೊರಗಿ ಕೂತಿರುವೆ.

“ಹೇಗಿದೆ ಅಕ್ಕ?”

“ನೋವಿದೆ ಕಣೆ” ಎನ್ನುವೆ. ಅವಳು ಚೂಡಿದಾರ್ ಕೂಡ ಬದಲಿಸದೆ ನೀರು ಕಾಯಿಸಿ ಚೀಲಕ್ಕೆ ತುಂಬಿ ತರುವಳು.

ನಾಲ್ಕನೆಯ ದಿನಕ್ಕೆ ಕುತ್ತಿಗೆ ಕಟ್ಟಿಗೆಯಾಯಿತು. ಬಲಗೈವರೆಗೂ ಸೆಳೆತ. ‘ಬೆಳಿಗ್ಗೆ 8, ಸಂಜೆ 9. ವಿಶ್ರಾಂತಿ.’

ತಿರುವನಂತಪುರ, ಐದನೆಯ ದಿನ

ಐದನೆಯ ದಿನ ಶನಿವಾರ, ವೀಣಾಗೆ ರಜ. ಬೆಳಿಗ್ಗೆ ಸಮುದ್ರ ತೋರಿಸುತ್ತೇನೆಂದು ಕಾರಿನಲ್ಲಿ ಕರೆದುಕೊಂಡು ಹೋದಳು. ಕತ್ತು ತಿರುಗಿಸಲಾಗದೆ ನಾನು ಇಳಿಯಲಿಲ್ಲ. ಗಾಜಿನೊಳಗಿಂದ ಎಷ್ಟು ಕಂಡಿತೋ ಅಷ್ಟೇ ಸಮುದ್ರ. ಮನೆಗೆ ಬಂದ ಮೇಲೆ ಅವಳು ಮೇಜಿನ ಮೇಲಿದ್ದ ನನ್ನ ಪುಸ್ತಕ ತೆಗೆದು ಓದಿದಳು.

“ವಿಶ್ರಾಂತಿ, ವಿಶ್ರಾಂತಿ, ವಿಶ್ರಾಂತಿ. ಒಂದು ಕಡ್ಡಿ ಎತ್ತಿಲ್ಲ ನೀನು. ನಾಲ್ಕಿದ್ದಿದ್ದು ಒಂಬತ್ತಾಗಿದೆ. ಆ ಹುಡುಗಿ ಎಲ್ಲೋ ನರಕ್ಕೇ ಚುಚ್ಚಿದಾಳೆ ಅಕ್ಕ.”

“ಹಂಗೇನಿರಲ್ಲ ಬಿಡೆ.”

“ನೀನು ಯಾವಾಗ್ಲೂ ಹಿಂಗೇ, ಎಲ್ರಿಗೂ ಬಿಡೆ ಬಿಡೆ ಅಂತೀಯ” ಎಂದವಳೇ ಫೋನು ತೆಗೆದುಕೊಂಡಳು.

ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ಹೋಳು ಕೈಯಲ್ಲಿ ಹಿಡಿದು ನಿಂತಿದ್ದೆ. ವೀಣಾ ಹಾಲಿನಲ್ಲಿ ಅತ್ತಿಂದಿತ್ತ ನಡೆಯುತ್ತ ಕ್ಲಿನಿಕ್ಕಿನ ದೊಡ್ಡ ಸಾರ್ ಜೊತೆ ಮಲಯಾಳದಲ್ಲಿ ಮಾತಾಡಿದಳು. ಅವಳು ಸಣ್ಣವಳಿದ್ದಾಗ ಶಾಲೆಯಲ್ಲಿ ಯಾರಾದರೂ ನನ್ನನ್ನು ಅಂದರೆ ಹೀಗೆಯೇ ಎದುರು ಹೋಗಿ ನಿಲ್ಲುತ್ತಿದ್ದಳು. ನನಗೆ ತಿಳಿದದ್ದು ನಡುನಡುವೆ ಬರುತ್ತಿದ್ದ “ಆ ಕುಟ್ಟಿ, ಆ ಕುಟ್ಟಿ” ಎಂಬುದೊಂದೇ. ಆ ಹುಡುಗಿ, ಆ ಹುಡುಗಿ. ಆಮೇಲೆ ಪುಸ್ತಕ ಕೈಗೆತ್ತಿಕೊಂಡು ಒಂದೊಂದೇ ಸಾಲು ಓದಿ ಹೇಳಿದಳು.

ಹಾಲಿಗೂ ಅಡುಗೆಮನೆಗೂ ಆರು ಹೆಜ್ಜೆ. ಫೋನು ಇಡು ಎನ್ನಲು ಎರಡು ಮಾತು ಸಾಕಿತ್ತು. ನಾನು ಕಾಯಿ ತುರಿಯತೊಡಗಿದೆ.

ಅದಾದ ಮೇಲೂ ಏನು ಮಾಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಶನಿವಾರ, ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕಟ್ಟಿದೆ. ಸೋಮವಾರ ವೀಣಾ ಶಾಲೆಗೆ ಹೋದ ಮೇಲೆ ನಾಲ್ಕನೆಯ ಸೀರೆ ತೆಗೆದೆ. ಸಂಜೆ ಮತ್ತೆ ‘ವಿಶ್ರಾಂತಿ’ ಎಂದು ಬರೆದೆ. ಅದು ಏಳನೆಯದು. ಅದೊಂದು ದಿನ ಬೇರೆ ಬರೆದಿದ್ದರೆ ಹಿಂದಿನ ಆರೂ ಸುಳ್ಳಾಗುತ್ತಿದ್ದವು, ಅದಕ್ಕೇ.

ಮತ್ತೆ ಕಲೂರು

ಮಂಗಳವಾರ ಕೊಚ್ಚಿಗೆ ವಾಪಸು. ಮನೆಗೆ ಹೋಗುವ ರೈಲು ಮರುದಿನವಿದ್ದುದರಿಂದ ಬ್ಯಾಗು ಹೊತ್ತುಕೊಂಡೇ ಕ್ಲಿನಿಕ್ಕಿಗೆ ಹೋದೆ. ಅದಿತಿ ನಿಲ್ದಾಣದಿಂದಲೇ ಸಪ್ಪಗಿದ್ದಳು.

ದೊಡ್ಡ ಸಾರ್ ಅರವತ್ತರ ಆಸುಪಾಸಿನವರು. ಎದ್ದು ನಿಂತು ಕೈ ಮುಗಿದರು. ಅವರ ಮೇಜಿನ ಮೇಲೆ ನನ್ನ ಪುಸ್ತಕದ ಇಂಗ್ಲಿಷ್ ಪ್ರತಿ, ಏಳು ಸಾಲು, ನೀಟಾಗಿ ಅಚ್ಚಾಗಿತ್ತು. ಒಂದೊಂದು ಸಾಲಿನ ಮೇಲೂ ಪೆನ್ನಿನ ತುದಿ ಇಡುತ್ತ ಮಾತಾಡಿದರು.

“ನಮ್ಮಿಂದ ತಪ್ಪಾಗಿದ್ರೆ ಕ್ಷಮಿಸ್ಬೇಕು ಅಂತಿದಾರೆ ದೊಡ್ಡಮ್ಮ. ಇವತ್ತು ಅವರೇ ನೋಡ್ತಾರಂತೆ” ಎಂದಳು ಅದಿತಿ. ಆಮೇಲೆ ಮೆಲ್ಲಗೆ, “ಜಿಶಾಗೆ ಶನಿವಾರದಿಂದ ಸೂಜಿ ಮುಟ್ಟೋಕೆ ಬಿಟ್ಟಿಲ್ಲ. ಪರ್ಮನೆಂಟೂ ಇಲ್ಲ ಈಗ.”

ಜಿಶಾ ಗೋಡೆಯ ಹತ್ತಿರ, ಬಿಸಿ ಚೀಲಗಳನ್ನು ಕಾಯಿಸುವ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ನನ್ನನ್ನು ನೋಡಿ ಮುಗುಳ್ನಕ್ಕಳು. ಬಂದವರನ್ನು ನೋಡಿ ನಗಬೇಕೆಂದು ಅಲ್ಲಿ ಹೇಳಿರುತ್ತಾರೆ.

ಸಾರ್ ಮಂಚ ತೋರಿಸಿದರು. ಬೋರಲು ಮಲಗಿ ತೂತಿನಲ್ಲಿ ಮುಖವಿಟ್ಟೆ. ಅವರ ಕಪ್ಪು ಕಾಲುಚೀಲದ ಪಾದಗಳು ಹತ್ತಿರ ಬಂದು ನಿಂತವು. ಕತ್ತನ್ನು ಎಷ್ಟೊಂದು ಮೆತ್ತಗೆ ಮುಟ್ಟಿದರು ಅಂದರೆ, ಒಡೆದದ್ದನ್ನು ಮುಟ್ಟಿದ ಹಾಗೆ. ಮಲಯಾಳದಲ್ಲಿ ಏನೋ ಕೇಳಿದರು. ಆಚೆ ಗೋಡೆಯ ಕಡೆಯಿಂದ ಸಣ್ಣ ದನಿಯಲ್ಲಿ ಉತ್ತರ ಬಂತು. ಮತ್ತೆ ಕೇಳಿದರು, ಮತ್ತೆ ಉತ್ತರ. ಹೋದ ಸಲ ಈ ತೂತಿನ ಕೆಳಗೇ ಇದ್ದ ನೀಲಿ ರಬ್ಬರ್ ಚಪ್ಪಲಿಗಳು ಈಗ ಎಷ್ಟು ಹುಡುಕಿದರೂ ಕಾಣಲಿಲ್ಲ.

“ಅದಿತಿ” ಎಂದು ನೆಲಕ್ಕೇ ಕರೆದೆ.

ಅವಳು ಬಗ್ಗಿ ಮಂಚದ ಅಡಿಯಿಂದ ತಲೆ ಹಾಕಿದಳು. ತಲೆಕೆಳಗಾದ ಅವಳ ಮುಖ ನನ್ನ ಮುಖದ ಎದುರಿಗೆ ಬಂತು. “ಏನ್ ದೊಡ್ಡಮ್ಮ, ನೋವಾ?”

“ನಾನು ಸುಮ್ನೆ ಕೂತಿರ್ಲಿಲ್ಲ ಅಂತ ಹೇಳು ಅವ್ರಿಗೆ. ಕುಚ್ಚು ಕಟ್ತಿದ್ದೆ. ದಿನಾ.”

ತಲೆಕೆಳಗಾದ ಕಣ್ಣುಗಳು ಒಂದೆರಡು ಸಲ ಪಿಳುಕಿದವು. ಅವಳು ಎದ್ದು ನಿಂತಳು. ಇದನ್ನು ತೂತಿನೊಳಗಿಂದ ಹೇಳಿ ಮುಗಿಸುವುದಾಗುವುದಿಲ್ಲವೆಂದು ನನಗೂ ತಿಳಿಯಿತು. ಸೆರಗು ಸರಿಮಾಡಿಕೊಂಡು ಎದ್ದು ಕೂತೆ.

ಅದಿತಿ ಸಾರ್ ಕಡೆ ತಿರುಗಿ ಮೆಲ್ಲನೆ ಶುರು ಮಾಡಿದಳು. ದೊಡ್ಡಮ್ಮನ ಮಾನ ಉಳಿಸಲು ನೋಡಿದಳು ಪಾಪ. ನಡುವೆ “ಮರನ್ನು ಪೋಯಿ” ಎಂದದ್ದು ಕೇಳಿಸಿತು. ಅಷ್ಟು ಮಲಯಾಳ ಯಾರಿಗಾದರೂ ತಿಳಿಯುತ್ತದೆ.

“ಮರೆತುಹೋಯ್ತು ಅನ್ಬೇಡ. ಸುಳ್ಳು ಬರ್ದೆ ಅನ್ನು.”

“ದೊಡ್ಡಮ್ಮ, ಪ್ಲೀಸ್.”

“ಏಳು ದಿನಾನೂ ಸುಳ್ಳು ಬರ್ದೆ. ಮೊದಲ್ನೇ ದಿನ ಕೆಲ್ಸ ಏನು ಅಂತ ಕೇಳ್ದಾಗ್ಲೂ ಸುಳ್ಳು ಹೇಳ್ದೆ. ಈ ಹುಡುಗೀದು ಏನೂ ತಪ್ಪಿಲ್ಲ. ಹಂಗೇ ಹೇಳು.”

ಅದಿತಿ ಹೇಳಿದಳು. ಈ ಸಲ “ಕಳ್ಳಂ” ಎಂದಳು, ಸುಳ್ಳು ಎಂದು. ಅದನ್ನೂ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಬ್ಯಾಗು ತೆರೆದು, ಅರ್ಧ ಕುಚ್ಚು ಕಟ್ಟಿದ ನಾಲ್ಕನೆಯ ಸೀರೆಯನ್ನು ಆ ಅಚ್ಚಾದ ಕಾಗದದ ಮೇಲೆ ಇಟ್ಟೆ. ಸಾರ್ ಅದನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆಯ ಹತ್ತಿರದಿಂದ ಜಿಶಾ ಬಂದು ಸೆರಗಿನ ತುದಿ ಹಿಡಿದು, ಕುಚ್ಚುಗಳನ್ನು ಬೆರಳಲ್ಲಿ ಎಣಿಸುವವಳ ಹಾಗೆ ಸರಿಸಿ ನೋಡಿದಳು. ಹೇಗೆ ಕೂತು ಕಟ್ಟುತ್ತೀರಿ, ತೋರಿಸಿ ಎಂದಳು.

ಕ್ಲಿನಿಕ್ಕಿನ ನೆಲದ ಮೇಲೆ ಕೂತೆ. ಮಂಡಿಗೆ ಪಿನ್ನು ಹಾಕಿದೆ. ಹೆಬ್ಬೆರಳಿನ ತಗ್ಗಿಗೆ ದಾರ ಸುತ್ತಿ ಎಳೆದು ತಲೆ ಬಗ್ಗಿಸಿದೆ. ಪರದೆ ಸರಿಸಿ ಇಬ್ಬರು ಹೆಂಗಸರು ಇಣುಕಿದರು. ಜಿಶಾ ನನ್ನ ಪಕ್ಕ ಮಂಡಿಯೂರಿ ಕೂತು, ಕುತ್ತಿಗೆಯಿಂದ ಭುಜ, ಭುಜದಿಂದ ಮೊಣಕೈ, ಅಲ್ಲಿಂದ ಕಾಲಿನವರೆಗೆ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದಳು.

“ಎತ್ರ ನೇರಂ?” ಎಷ್ಟು ಹೊತ್ತು?

ನಾಲ್ಕು ಬೆರಳು ತೋರಿಸಿದೆ. ಆಮೇಲೆ ಐದನೆಯದನ್ನೂ ಬಿಡಿಸಿದೆ.

ಅವಳು ನನ್ನ ಹೆಬ್ಬೆರಳನ್ನು ನೋಡುತ್ತ, “ಅನ್ನ್ ಞಾನ್ ಚೋದಿಚ್ಚಲ್ಲೋ ಚೇಚಿ” ಎಂದಳು. ಅವತ್ತೇ ಕೇಳಿದ್ದೆನಲ್ಲ ಅಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅಳಲು ಒಂದು ನೆಪವಾದರೂ ಸಿಗುತ್ತಿತ್ತು.

ನೀನೇ ಸೂಜಿ ಹಾಕಮ್ಮ ಎಂದು ಕೈ ಹಿಡಿದುಕೊಂಡೆ. ಅವಳು ಹಾಕಿಬಿಟ್ಟರೆ ಎಲ್ಲ ಸರಿಹೋಯಿತು ಎಂದುಕೊಳ್ಳಬಹುದಿತ್ತಲ್ಲ. ಅವಳು ಕೈ ಬಿಡಿಸಿಕೊಂಡಳು. ಇವತ್ತು ಬೇಡ, ಮಾಂಸ ದಣಿದಿದೆ, ಎರಡು ವಾರ ಬಿಡಿ, ನಿಮ್ಮ ಊರಿನಲ್ಲೇ ಯಾರಿಗಾದರೂ ತೋರಿಸಿ, ಕಾಗದ ಬರೆದುಕೊಡುತ್ತೇನೆ ಎಂದಳು. ನಾನು ಮತ್ತೆ ಕೈ ಮುಗಿದಾಗ “ಸಾರಮಿಲ್ಲ, ಸಾರಮಿಲ್ಲ” ಎಂದಳು. ಪರವಾಗಿಲ್ಲ ಎಂದು. ಅಲ್ಲಿ ಬಸ್ಸಿನಲ್ಲಿ ಕಾಲು ತುಳಿದರೂ ಹಾಗೆನ್ನುತ್ತಾರೆ. ಹಾಗೆನ್ನುವಾಗ ಅವಳು ನನ್ನ ಸೀರೆ ಮಡಿಸುತ್ತಿದ್ದಳು, ಮುಖ ನೋಡಲಿಲ್ಲ.

ಅವಳು ನಾಳೆಯಿಂದ ಮತ್ತೆ ಸೂಜಿ ಹಿಡಿಯಬಹುದು ಎಂದರು ಸಾರ್. ಆದರೆ ಕೆಲಸ ಕಾಯಂ ಮಾಡುವುದು ಬೇಡವೆಂದು ಮೇಲಿನವರಿಗೆ ಶನಿವಾರವೇ ಬರೆದಾಗಿತ್ತು. ಇನ್ನೊಂದು ಕಾಗದ ಬರೆಯುತ್ತೇನೆ, ಅವರು ಏನೆನ್ನುತ್ತಾರೋ ಎಂದರು.

ಎಡಪ್ಪಳ್ಳಿ

ಅದಿತಿ ನನ್ನನ್ನು ಎಡಪ್ಪಳ್ಳಿಯ ದೊಡ್ಡ ಮಾಲಿಗೆ ಕರೆದುಕೊಂಡು ಹೋದಳು. ನೋಡಲೇಬೇಕೆಂದು ಮೊದಲೇ ಹೇಳಿಟ್ಟಿದ್ದಳು, ಬೇಡವೆನ್ನಲು ನನಗೆ ಬಾಯಿರಲಿಲ್ಲ. ತಾನಾಗಿಯೇ ಮೇಲೆ ಹೋಗುವ ಮೆಟ್ಟಿಲ ಹತ್ತಿರ ಹೆದರಿ ನಿಂತೆ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಸುಮ್ಮನೆ ಕೈ ಹಿಡಿದು ಹತ್ತಿಸಿದಳು.

ಅಲ್ಲಿಯೇ ಬೆಂಚಿನ ಮೇಲೆ ಕೂತು ವೀಣಾಗೆ ಫೋನು ಮಾಡಿ ಎಲ್ಲ ಹೇಳಿದೆ.

“ನನ್ನ ಬಾಯಿಂದ ಆ ಹುಡುಗೀನ ಬೈಸಿದ್ಯಲ್ಲ ಅಕ್ಕ” ಎಂದಳು. “ನಾನು ಬಿಸಿನೀರು ತುಂಬಿ ತುಂಬಿ ಕೊಡ್ತಿದ್ದೆ.”

“ಹೂಂ ಕಣೆ.”

“ಸಾರ್‌ಗೆ ನಾನೇ ಫೋನ್ ಮಾಡ್ತೀನಿ. ನೀನು ಮೊದ್ಲು ಊಟ ಮಾಡು” ಎಂದು ಇಟ್ಟಳು.

ಅದಿತಿ ತಟ್ಟೆಯಲ್ಲಿ ಅಪ್ಪಂ ತಂದಿಟ್ಟಳು. ನಸುಗೆಂಪು ನೀರನ್ನೂ ತಂದಳು. ಈ ಸಲ ಚೆಲ್ಲದೆ ಕುಡಿದೆ. “ದೊಡ್ಡಮ್ಮ, ಒಂದು ಹೇಳ್ಲಾ? ನಾನೇ ಅದನ್ನೆಲ್ಲ ಇಂಗ್ಲಿಷ್ ಮಾಡಿ ಕಳ್ಸಿದ್ದು. ‘ಕಂಪ್ಲೀಟ್ ರೆಸ್ಟ್’ ಅಂತ ಬರ್ದಿದ್ದೆ. ಕಂಪ್ಲೀಟ್ ಅನ್ನೋದು ನಾನು ಸೇರ್ಸಿದ್ದು” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ನಾಚಬೇಕಾದದ್ದರಲ್ಲಿ ಮಗುವಿಗೂ ಒಂದು ಪಾಲು ಹೋಗಿತ್ತು.

ತುಮಕೂರು

ಅರ್ಧ ಕಟ್ಟಿದ ನಾಲ್ಕನೆಯ ಸೀರೆಯನ್ನೂ ಐದನೆಯದನ್ನೂ ರತ್ನಮ್ಮನವರಿಗೆ ಹಾಗೆಯೇ ವಾಪಸು ಕೊಟ್ಟೆ. ಮುಖ ಊದಿಸಿಕೊಂಡು ತೆಗೆದುಕೊಂಡು ಹೋದರು. ಬೇರೆ ಯಾರೋ ಹಾಕಿದ ಕುಚ್ಚನ್ನು ಮದುವೆಯಲ್ಲಿ ನೋಡಿದೆ. ಚೆನ್ನಾಗಿಯೇ ಇತ್ತು.

ಪುಸ್ತಕವನ್ನು ಈಗಲೂ ಬರೆಯುತ್ತೇನೆ. ಆ ಏಳು ‘ವಿಶ್ರಾಂತಿ’ಗಳನ್ನು ಹೊಡೆದುಹಾಕದೆ, ಪಕ್ಕದಲ್ಲಿ ನಿಜವಾದ ಗಂಟೆಗಳನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ದಿನಾ ಸಂಜೆ ಫೋಟೊ ಅದಿತಿಗೆ ಹೋಗುತ್ತದೆ, ಅಲ್ಲಿಂದ ಜಿಶಾಗೆ. ಅವಳ ಟ್ರಯಲ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತಂತೆ. ಎರಡನೆಯ ಕಾಗದ, ವೀಣಾಳ ಫೋನು, ಎರಡರಿಂದಲೂ ಅದು ಬದಲಾಗಲಿಲ್ಲ. ಎರಡು ವಾರ ನನ್ನ ಫೋಟೊಗಳಿಗೆ ಅವಳಿಂದ ಒಂದಕ್ಷರ ಬರಲಿಲ್ಲ.

ಕಳೆದ ಗುರುವಾರ ಅದಿತಿಯ ಮೆಸೇಜು: “ಕೆಲ್ಸಕ್ಕೆ ಹೇಗೆ ಕೂತ್ಕೋತಾರೆ, ಫೋಟೊ ಬೇಕು ಅಂತ ಜಿಶಾ ಕೇಳ್ತಿದಾಳೆ.”

ಮನೆಯವರನ್ನು ಕರೆದೆ. ಮೇಜು, ಕುರ್ಚಿ, ಕ್ಲಿಪ್ಪು ಎಲ್ಲ ಹೊಸದು. ಸೆರಗು ಕಣ್ಣಿನ ಮಟ್ಟಕ್ಕಿದೆ, ಬೆನ್ನು ನೆಟ್ಟಗಿದೆ. ಅವರು ತೆಗೆದರು, ಕಳಿಸಿದೆವು. ಐದು ನಿಮಿಷಕ್ಕೆ ಉತ್ತರ ಬಂತು, ಈ ಸಲ ನೇರ ನನ್ನ ಫೋನಿಗೇ, ಒಂದೇ ಪದ, ಯಾರಿಂದಲೋ ಬರೆಸಿಕೊಂಡ ಕನ್ನಡ ಅಕ್ಷರದಲ್ಲಿ: “ಕಾಲು?”

ಮೇಜಿನ ಕೆಳಗೆ, ಬಲಗಾಲಿನ ಹೆಬ್ಬೆರಳಿಗೆ, ದಾರ ಸುತ್ತಿಕೊಂಡೇ ಇತ್ತು. ಅದನ್ನೊಂದು ಬಿಡಲು ಇನ್ನೂ ಆಗಿಲ್ಲ. ಬಿಚ್ಚಿಬಿಡೋಣವೆಂದು ಕೈ ತಾನಾಗಿ ಕೆಳಗೆ ಹೋಯಿತು, ಗಂಟಿನ ತುದಿಯೂ ಸಿಕ್ಕಿತು.

“ಕಾಲ್ದೂ ತೆಗೀಬೇಕೇನೇ?” ಎಂದರು ಮನೆಯವರು ಫೋನು ಹಿಡಿದುಕೊಂಡು.

ಕೈ ಮೇಲಕ್ಕೆ ತೆಗೆದುಕೊಂಡೆ. “ಹೂಂ. ಹಿಂಗೇ, ದಾರ ಕಾಣೋ ಹಂಗೆ ತೆಗೀರಿ” ಎಂದೆ.